ಹೊರೆಗಲ್ಲು

(ಹಾಸನದಲ್ಲಿ ಪದವಿ ವಿದ್ಯಾರ್ಥಿಗಳು, ಅಧ್ಯಾಪಕರು, ಊರಿನ ಕೆಲವು ಹಿರಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮೂರಿನಿಂದ ಸಂತೆಗೆ ಹೋಗುವ ಹಳೆಯ ದಾರಿಯಲ್ಲಿ, ಏರು ಮುಗಿಯುವ ಕಡೆ, ಒಂದು ಹೊರೆಗಲ್ಲು ಇತ್ತು. ಎರಡು ಕಲ್ಲುಕಂಬ ನೆಟ್ಟು ಮೇಲೆ ಅಡ್ಡಲಾಗಿ ಒಂದು ಚಪ್ಪಡಿ ಹಾಕಿದ್ದರು, ಅಷ್ಟೆ. ಕೆತ್ತನೆ ಇಲ್ಲ, ಹೆಸರಿಲ್ಲ. ಬೇಲೂರು, ಹಳೇಬೀಡಿನ ಕಲ್ಲು ನೋಡಿ ಬೆಳೆದ ಜಿಲ್ಲೆ ನಮ್ಮದು. 2023ರಲ್ಲಿ ಹೊಯ್ಸಳರ ಆ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾನೂ ಎದೆಯುಬ್ಬಿಸಿದವನೇ. ಆದರೆ ಇವತ್ತು ನಾನು ಹಿಡಿದುಕೊಂಡು ಬಂದಿರುವುದು ಆ ಬೋಳು ಚಪ್ಪಡಿಯನ್ನು.

ತಲೆಯ ಮೇಲೆ ಸೌದೆ ಹೊರೆ ಹೊತ್ತು ಒಬ್ಬಳೇ ಬರುತ್ತಿರುವ ಹೆಂಗಸನ್ನು ನೆನೆಸಿಕೊಳ್ಳಿ. ಏರು ಹತ್ತುವಾಗ ಕತ್ತು ಸೋಲುತ್ತದೆ. ಹೊರೆಯನ್ನು ನೆಲಕ್ಕೆ ಎತ್ತಿಹಾಕಿಬಿಡಬಹುದು, ಅದಕ್ಕೆ ಯಾರ ಸಹಾಯವೂ ಬೇಡ. ಆದರೆ ಹಾಕಿದ ಮೇಲೆ ಮತ್ತೆ ತಲೆಗೆ ಎತ್ತಿಸಿಕೊಳ್ಳಲು ಇನ್ನೊಬ್ಬರು ಬೇಕು. ದಾರಿಯಲ್ಲಿ ಯಾರೂ ಇಲ್ಲ. ಹಾಗಾಗಿ ಅವಳು ಎಷ್ಟೇ ಸುಸ್ತಾದರೂ ನಿಲ್ಲುವ ಹಾಗಿಲ್ಲ. ಆ ಕಲ್ಲಿನ ಹತ್ತಿರ ಬಂದಾಗ ಮಾತ್ರ, ಒಂಚೂರು ಮೈ ಬಗ್ಗಿಸಿ ಹೊರೆಯನ್ನು ಚಪ್ಪಡಿಯ ಮೇಲಕ್ಕೆ ಸರಿಸುತ್ತಾಳೆ. ಬೆವರು ಒರೆಸಿಕೊಳ್ಳುತ್ತಾಳೆ. ಸಿಂಬಿ ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಳ್ಳುತ್ತಾಳೆ. ಆಮೇಲೆ ತಲೆಯನ್ನು ಹೊರೆಯ ಕೆಳಗೆ ಒಡ್ಡಿ, ಎದ್ದು ಹೊರಡುತ್ತಾಳೆ. ಯಾರನ್ನೂ ಕಾಯಬೇಕಿಲ್ಲ, ಯಾರ ಹಂಗೂ ಇಲ್ಲ.

ಆ ಕಲ್ಲು ನೆಡಿಸಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಅವರಿಗೆ ಮರುಕ ಇತ್ತು, ನಿಜ. ಆದರೆ ಬರೀ ಮರುಕದಿಂದ ಆ ಕಲ್ಲು ಎದ್ದು ನಿಲ್ಲುತ್ತಿರಲಿಲ್ಲ. ದಣಿವು ಎಲ್ಲಿ ಬರುತ್ತದೆ ಎಂದು ಅವರು ಯೋಚಿಸಿದ್ದಾರೆ. ಇಳಿಜಾರಿನಲ್ಲಿ ನೆಟ್ಟಿಲ್ಲ, ಏರಿನ ತುದಿಯಲ್ಲಿ ನೆಟ್ಟಿದ್ದಾರೆ. ಎತ್ತರ ಎಷ್ಟಿರಬೇಕು ಎಂದು ಯೋಚಿಸಿದ್ದಾರೆ. ಒಂದು ಗೇಣು ತಗ್ಗಾದರೂ ಹೊರೆ ಎತ್ತಿಸಿಕೊಳ್ಳಲು ಆಗುವುದಿಲ್ಲ, ಒಂದು ಗೇಣು ಜಾಸ್ತಿಯಾದರೂ ಇಳಿಸಲು ಆಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಾವು ಅಲ್ಲಿ ಇಲ್ಲದ ಹೊತ್ತಿನಲ್ಲಿ, ತಮಗೆ ಗುರುತೇ ಇಲ್ಲದ ಒಬ್ಬಳು ಒಂಟಿಯಾಗಿ ಬಂದಾಗ ಅವಳಿಗೆ ಏನು ಬೇಕಾಗುತ್ತದೆ ಎನ್ನುವುದನ್ನು ಮನಸ್ಸಿನಲ್ಲಿ ಕಂಡಿದ್ದಾರೆ. ತಮಿಳು ಸೀಮೆಯಲ್ಲಿ ಬಸುರಿ ಹೆಣ್ಣುಮಗಳು ತೀರಿಕೊಂಡರೆ ಅವಳ ನೆನಪಿಗೆ ಇಂಥ ಕಲ್ಲು ನೆಡುವ ರೂಢಿ ಇತ್ತು. ಹೊರೆ ಇಳಿಸದೆಯೇ ಹೋದವಳ ಹೆಸರಿನಲ್ಲಿ ಉಳಿದವರ ಹೊರೆ ಇಳಿಯಲಿ ಎಂದು. ಅದನ್ನು ಕೇಳಿದ ದಿನ ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ದಯೆಯನ್ನು ನಾವು ಮೆತ್ತಗಿನ ಗುಣ ಎಂದುಕೊಂಡಿದ್ದೇವೆ. 'ಅವನು ಪಾಪ, ಒಳ್ಳೆಯವನು' ಅನ್ನುತ್ತೇವೆ, ದನಿಯಲ್ಲಿ 'ಅಷ್ಟೇನೂ ಚುರುಕಿಲ್ಲ' ಎನ್ನುವುದೂ ಸೇರಿರುತ್ತದೆ. ದಯೆ ತಲೆಯ ಕೆಲಸ, ಅದೂ ಕಷ್ಟದ ಕೆಲಸ. ಅದನ್ನು ಹೇಳುವುದಕ್ಕೇ ನಾನು ಬಂದಿರುವುದು.

ನಮ್ಮ ಭಾಷೆಗೆ ಇದು ಮೊದಲಿನಿಂದಲೂ ಗೊತ್ತು. 'ಬುದ್ಧಿ' ಎನ್ನುವ ಮಾತನ್ನೇ ತೆಗೆದುಕೊಳ್ಳಿ. ಲೆಕ್ಕ ಬೇಗ ಬಿಡಿಸುವ ಹುಡುಗಿ ಬುದ್ಧಿವಂತೆ. ಇನ್ನೊಬ್ಬರ ಮನಸ್ಸು ನೋಯಿಸಿದ ಮಗನಿಗೆ ಅಮ್ಮ ಕೇಳುವುದು 'ನಿಂಗೆ ಬುದ್ಧಿ ಇಲ್ವೇನೋ?' ಎಂದೇ. ಕೆಟ್ಟ ಬುದ್ಧಿ, ಒಳ್ಳೆ ಬುದ್ಧಿ, ಬುದ್ಧಿ ಹೇಳುವುದು, ಬುದ್ಧಿ ಕಲಿಯುವುದು, ಎಲ್ಲ ಕಡೆ ಜಾಣತನ ಮತ್ತು ನಡತೆ ಒಂದೇ ಮಾತಿನೊಳಗೆ ಕೂತಿವೆ. 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂದಾಗ ಆ ಮುಕ್ಕಾಲಿನಲ್ಲಿ ಇರುವುದು ಬರೀ ಲೆಕ್ಕಾಚಾರ ಅಲ್ಲ. ಬೇರೆ ಮಾಡಿದ್ದು ನಾವು, ಅಂಕಪಟ್ಟಿ ಬಂದ ಮೇಲೆ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಬಹುಪಾಲು ಹಳ್ಳಿ ಶಾಖೆಗಳಲ್ಲಿ. ಯಾವ ಬ್ಯಾಂಕು, ಯಾವ ಊರು ಬೇಡ. ಒಂದು ಶಾಖೆಯಲ್ಲಿ ನಮಗೊಬ್ಬ ಅಟೆಂಡರ್ ಇದ್ದರು, ಏಳನೇ ಕ್ಲಾಸು ಓದಿದವರು. ನಾನು ಸೇರಿದ ಹೊಸದರಲ್ಲಿ ಅವರ ಸ್ಟೂಲಿನ ಹತ್ತಿರ ಒಂದು ಹಳೆಯ ಟಿನ್ನಿನ ಮುಚ್ಚಳ ಕಾಣುತ್ತಿತ್ತು. ಅದರಲ್ಲಿ ಕೊಬ್ಬರಿ ಎಣ್ಣೆಯಲ್ಲಿ ನೆನೆದ ಬಿಳಿ ಬಟ್ಟೆಯ ತುಂಡು. ಸೈಕಲ್ಲಿಗೋ ಬೀಗಕ್ಕೋ ಇಟ್ಟುಕೊಂಡಿದ್ದಾರೆ ಅಂದುಕೊಂಡೆ.

ಆಮೇಲೆ ಗೊತ್ತಾಯಿತು. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರಲ್ಲ, ಆ ಇಂಕು ಬೇಗ ಹೋಗುವುದಿಲ್ಲ. ಗಂಡಸರು ತಲೆಗೂದಲಿಗೆ ಉಜ್ಜಿಕೊಳ್ಳುತ್ತಿದ್ದರು. ಹೆಂಗಸರು ಸೆರಗಿನ ಒಳಮಗ್ಗುಲಿಗೆ ಒರೆಸಿ, ಆ ಬೆರಳನ್ನು ಮಡಚಿ ಹಿಡಿದುಕೊಂಡು ಆಚೆ ಹೋಗುತ್ತಿದ್ದರು. ಬಸ್ಸಿನಲ್ಲಿ ಆ ನೀಲಿ ಬೆರಳು ನೋಡಿದವರಿಗೆ ಗೊತ್ತಾಗುತ್ತದೆ, ಇವರಿಗೆ ಓದು ಬರಹ ಇಲ್ಲ, ಬ್ಯಾಂಕಿಗೆ ಹೋಗಿ ಬಂದಿದ್ದಾರೆ, ಸೊಂಟದಲ್ಲಿ ದುಡ್ಡಿದೆ ಎಂದು. ಅಟೆಂಡರಣ್ಣ ಹೆಬ್ಬೆಟ್ಟು ಹಾಕಿಸಿದ ಕೂಡಲೇ ಏನೂ ಮಾತಾಡದೆ ಆ ಮುಚ್ಚಳವನ್ನು ಸರಿಸುತ್ತಿದ್ದರು. ಎಣ್ಣೆಬಟ್ಟೆಯಲ್ಲಿ ಎರಡು ಸಲ ತಿಕ್ಕಿದರೆ ಬೆರಳು ಚೊಕ್ಕ. 'ತಗೊಳ್ಳಮ್ಮ' ಎಂದು ಸಹ ಅನ್ನುತ್ತಿರಲಿಲ್ಲ. ಅಂದರೆ ಸಾಲಿನಲ್ಲಿದ್ದವರು ತಿರುಗಿ ನೋಡುತ್ತಾರಲ್ಲ. ಅದೇ ಶಾಖೆಯಲ್ಲಿ ನಮ್ಮಂಥ ಪದವೀಧರರು ಆರು ಜನ ಇದ್ದೆವು. ದಿನಕ್ಕೆ ಇಪ್ಪತ್ತು ಮೂವತ್ತು ಹೆಬ್ಬೆಟ್ಟು ನಮ್ಮ ಕಣ್ಣ ಮುಂದೆಯೇ ಬೀಳುತ್ತಿದ್ದವು. ನಮ್ಮಲ್ಲಿ ಒಬ್ಬರಿಗೂ ಆ ಬೆರಳು ಆಮೇಲೆ ಏನಾಗುತ್ತದೆ ಎನ್ನುವ ಯೋಚನೆ ಬಂದಿರಲಿಲ್ಲ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಇದನ್ನು ಹೇಳದೆ ಈ ವಿಷಯ ಮಾತಾಡುವ ಹಕ್ಕು ನನಗಿಲ್ಲ.

1996. ಸಂತೆಯ ದಿನ, ಒಳಗೆ ಕಾಲಿಡಲು ಜಾಗ ಇಲ್ಲ. ಒಬ್ಬ ಅಜ್ಜಮ್ಮ ಕೌಂಟರಿಗೆ ಬಂದು ಪಾಸ್‌ಬುಕ್ ಚಾಚಿದರು. 'ಎಷ್ಟೈತೆ ನೋಡಪ್ಪ ನಂದು' ಅಂದರು. ಹಾಲು ಹಾಕಿ, ಒಂದು ಕಡಸು ಮಾರಿ, ಮೊಮ್ಮಗಳ ಮದುವೆಗೆ ಅಂತ ಕೂಡಿಟ್ಟ ದುಡ್ಡು. ಲೆಡ್ಜರ್ ನೋಡಿ ಹೇಳಿದೆ. ಕಿವಿ ಮಂದ, ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ. 'ಏನಪ್ಪ?' ಅಂದರು. ನಾನು ಎದ್ದು ನಿಂತು, ಅವರಿಗೆ ತಿಳಿಯಲಿ ಎನ್ನುವ ಒಳ್ಳೆಯ ಮನಸ್ಸಿನಿಂದಲೇ, ಹಾಲ್ ಪೂರ್ತಿ ಕೇಳುವ ಹಾಗೆ ಕೂಗಿದೆ: 'ಹನ್ನೊಂದು ಸಾವಿರದ ನಾನೂರು ಐತೆ ಅಜ್ಜಮ್ಮಾ!'

ಅಜ್ಜಮ್ಮನ ಮುಖ ಇಳಿದುಹೋಯಿತು. ಸಾಲಿನಲ್ಲಿ ಅವರ ಭಾವನ ಮಗ ನಿಂತಿದ್ದ. ಅಷ್ಟು ದುಡ್ಡಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಂದಿನ ವಾರ ಅವರು ಅವನ ಜೊತೆಯಲ್ಲೇ ಬಂದರು, ಸಾವಿರದ ನಾನೂರು ಬಿಟ್ಟು ಉಳಿದದ್ದನ್ನು ತೆಗೆಸಿದರು. ಹೆಬ್ಬೆಟ್ಟು ಒತ್ತುವಾಗ ನನ್ನ ಕಡೆ ನೋಡಲಿಲ್ಲ. ಕೈಸಾಲ ಅಂತ ಅವನು ತೆಗೆದುಕೊಂಡದ್ದು. ವಾಪಸು ಬಂದ ಹಾಗೆ ನನ್ನ ಲೆಡ್ಜರಿನಲ್ಲಂತೂ ಕಾಣಲಿಲ್ಲ.

ನನಗೆ ದುರುದ್ದೇಶ ಇರಲಿಲ್ಲ. ಸಿಡುಕಿಯೂ ಇರಲಿಲ್ಲ. ನನ್ನಲ್ಲಿ ಇಲ್ಲದಿದ್ದದ್ದು ಯೋಚನೆ. ಆ ಹಾಲಿನಲ್ಲಿ ಯಾರು ಯಾರ ನೆಂಟರು, ಒಬ್ಬ ಒಂಟಿ ಹೆಂಗಸಿನ ದುಡ್ಡಿನ ಲೆಕ್ಕ ಹತ್ತು ಜನರ ಕಿವಿಗೆ ಬಿದ್ದರೆ ಮುಂದೆ ಏನಾಗುತ್ತದೆ ಎನ್ನುವುದು ಆ ಊರಿನ ಯಾವ ಮಗುವಿಗೂ ಹೊಳೆಯುತ್ತಿತ್ತು. ಕಾಮರ್ಸ್‌ನಲ್ಲಿ ಡಿಗ್ರಿ ಮಾಡಿದ ನನಗೆ ಹೊಳೆಯಲಿಲ್ಲ. ಅಟೆಂಡರಣ್ಣ ಆ ಸಂಜೆ ಬಾಗಿಲು ಹಾಕುವಾಗ ಒಂದೇ ಮಾತು ಹೇಳಿದರು. 'ಸಾರ್, ಕಿವಿ ಕೇಳ್ದೋರಿಗೆ ಜೋರಾಗಿ ಹೇಳ್ಬಾರ್ದು, ಹತ್ರ ಹೋಗಿ ಹೇಳ್ಬೇಕು.' ನನಗೆ ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಅಷ್ಟು ದೊಡ್ಡ ಪಾಠ ಸಿಕ್ಕಿಲ್ಲ. ಅವತ್ತಿನಿಂದ ನಿವೃತ್ತಿಯ ದಿನದವರೆಗೂ, ಯಾರ ಬ್ಯಾಲೆನ್ಸನ್ನೂ ನಾನು ಕೂತ ಜಾಗದಿಂದ ಹೇಳಿಲ್ಲ.

ನಾನು ಯಾಕೆ ಯೋಚಿಸಲಿಲ್ಲ ಎಂದು ಎಷ್ಟೋ ವರ್ಷ ಕೊರೆಯುತ್ತಿತ್ತು. ಒಂದು ಉತ್ತರ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಸಿಕ್ಕಿತು. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಅದನ್ನು 1973ರಲ್ಲಿ ಪ್ರಕಟಿಸಿದರು. ಪಾದ್ರಿಗಳಾಗಲು ಓದುತ್ತಿದ್ದ ನಲವತ್ತು ವಿದ್ಯಾರ್ಥಿಗಳು. ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕು. ಕೆಲವರಿಗೆ ಕೊಟ್ಟ ವಿಷಯ ಯಾವುದು ಗೊತ್ತೆ? ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಪರಕೀಯನೊಬ್ಬ ಎತ್ತಿ ಉಪಚರಿಸಿದ ಬೈಬಲ್ಲಿನ ಕಥೆ. ಹೊರಡುವಾಗ ಕೆಲವರಿಗೆ 'ಆಗಲೇ ತಡವಾಗಿದೆ, ಓಡಿ' ಎಂದರು, ಕೆಲವರಿಗೆ 'ಸರಿಯಾದ ಹೊತ್ತು, ಹೊರಡಿ' ಎಂದರು, ಕೆಲವರಿಗೆ 'ಇನ್ನೂ ಟೈಮಿದೆ, ನಿಧಾನ' ಎಂದರು. ದಾರಿಯಲ್ಲಿ ಒಂದು ಬಾಗಿಲ ಬಳಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತಾ ನರಳುತ್ತಿದ್ದ. ಅವನನ್ನು ಬೇಕೆಂದೇ ಕೂರಿಸಿದ್ದರು. ಟೈಮಿದೆ ಎಂದುಕೊಂಡವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ಹೋದರು. ನಡುವಿನವರಲ್ಲಿ 45. ತಡವಾಯಿತು ಎಂದು ಓಡಿದವರಲ್ಲಿ ಬರೀ 10. ಆ ದಯೆಯ ಕಥೆಯನ್ನೇ ಹೇಳಲು ಹೊರಟವರೂ ಉಳಿದವರಿಗಿಂತ ಎದ್ದು ಕಾಣುವಷ್ಟು ಮೇಲಾಗಿರಲಿಲ್ಲ. ಕೆಲವರು ಅವನನ್ನು ದಾಟಿಕೊಂಡೇ ಹೋದರು.

ಅವರು ಕೆಟ್ಟವರಲ್ಲ. ಅವಸರ ಕಣ್ಣು ಕಟ್ಟಿತ್ತು. ಎದುರಿಗೆ ಇರುವುದು ಕಾಣುವುದಕ್ಕೆ ಮನಸ್ಸಿನಲ್ಲಿ ಒಂದಿಷ್ಟು ಜಾಗ ಖಾಲಿ ಇರಬೇಕು. ನನ್ನ ಸಂತೆಯ ದಿನವೂ ಹಾಗೇ ಇತ್ತು.

ಆದರೆ ಇನ್ನೊಂದು ಕಾರಣ ಇದೆ, ಇದು ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳುವಂಥದ್ದಲ್ಲ. ಹಿಂದೆ ನಮ್ಮ ಹಾಸನ, ಮಂಡ್ಯ, ಮೈಸೂರು ಸೀಮೆಯಲ್ಲಿ ಆಳುಮಕ್ಕಳು ಒಡೆಯರನ್ನು ಕರೆಯುತ್ತಿದ್ದದ್ದು 'ಬುದ್ಧೀ' ಎಂದು. ಜಗಲಿಯ ಕೆಳಗೆ, ಅಂಗಳದಲ್ಲಿ ನಿಂತು, ಹೆಗಲ ಟವೆಲ್ಲು ಕಂಕುಳಿಗೆ ತಂದು, 'ಬಂದಿವ್ನಿ ಬುದ್ಧಿ'. ಈ ಮಾತು ಕೇಳಿ ಬೆಳೆದ ಹಿರಿಯರು ಇಲ್ಲಿ ಇದ್ದೀರಿ. ಕರೆಯುತ್ತಿದ್ದವರೂ ಇರಬಹುದು, ಕರೆಸಿಕೊಂಡ ಮನೆಯವರೂ ಇರಬಹುದು. ಯೋಚಿಸಿ ನೋಡಿ. ಕೆಳಗೆ ನಿಂತವನು ಇಡೀ ದಿನ ಒಡೆಯನ ಮುಖ ಓದಬೇಕಿತ್ತು. ಇವತ್ತು ಸಿಟ್ಟಿನಲ್ಲಿದ್ದಾರೆಯೋ, ಈಗ ಕೂಲಿ ಕೇಳಬಹುದೋ, ಮಗಳಿಗೆ ಜ್ವರ ಎಂದರೆ ಬೈಯುತ್ತಾರೋ. ಮೇಲೆ ಕೂತವನಿಗೆ ಆಳಿನ ಮುಖ ಓದುವ ಅಗತ್ಯವೇ ಇರಲಿಲ್ಲ. ಬುದ್ಧಿ ಎಂದು ಕರೆಸಿಕೊಂಡವನಿಗೆ ಇನ್ನೊಬ್ಬನ ವಿಷಯದಲ್ಲಿ ಬುದ್ಧಿ ಬಳಸುವ ಪ್ರಮೇಯವೇ ಬರುತ್ತಿರಲಿಲ್ಲ. ಬಳಸದ ಕತ್ತಿಗೆ ತುಕ್ಕು ಹಿಡಿಯುತ್ತದೆ.

ನಮ್ಮ ಅಟೆಂಡರಣ್ಣ ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿದವರು. ಆಳುಗಳ ಕೆಲಸ ನೋಡಿಕೊಳ್ಳುವ ರೈಟರ್ ಬರುವ ಹೆಜ್ಜೆಯ ಸದ್ದಿನಲ್ಲೇ ಅವನ ಕೋಪ ಅಳೆಯುತ್ತಿದ್ದ ಹುಡುಗ. ಇನ್ನೊಬ್ಬರ ಮನಸ್ಸನ್ನು ಓದುವ ಅಭ್ಯಾಸ ಅವರಿಗೆ ಬದುಕಿನ ಒತ್ತಾಯದಿಂದಲೇ ಬಂದಿತ್ತು. ದೊಡ್ಡತನ ಇರುವುದು ಮುಂದಿನದರಲ್ಲಿ: ತಮ್ಮನ್ನು ಕಾಪಾಡಿಕೊಳ್ಳಲು ಕಲಿತ ಆ ವಿದ್ಯೆಯನ್ನು ಅವರು ಹೆಬ್ಬೆಟ್ಟು ಒತ್ತುವವರನ್ನು ಕಾಪಾಡಲು ಬಳಸಿದರು. ಯಾರೂ ಹೇಳಿರಲಿಲ್ಲ. ಬಳಸದಿದ್ದರೆ ಯಾರೂ ಕೇಳುತ್ತಲೂ ಇರಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಇನ್ನೊಬ್ಬರ ಮನಸ್ಸು ಓದುವವರೆಲ್ಲ ದಯಾವಂತರಲ್ಲ. ಪೊಲೀಸರ ಸೋಗಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಫೋನ್ ಮಾಡಿ ವಯಸ್ಸಾದವರ ಉಳಿತಾಯ ದೋಚುವವನಿಗೆ, ನಿವೃತ್ತ ಮೇಷ್ಟರೊಬ್ಬರು ಯಾವ ಮಾತಿಗೆ ಹೆದರುತ್ತಾರೆ, ಮರ್ಯಾದೆಗೆ ಎಷ್ಟು ಅಂಜುತ್ತಾರೆ ಎನ್ನುವುದು ಅವರ ಸ್ವಂತ ಮಕ್ಕಳಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವನೂ ಹೊರೆ ಹೊತ್ತವಳು ಎಲ್ಲಿ ದಣಿಯುತ್ತಾಳೆ ಎಂದು ಲೆಕ್ಕ ಹಾಕಿದವನೇ. ಅಲ್ಲಿ ಕಲ್ಲು ನೆಡುವ ಬದಲು ಹೊಂಚು ಹಾಕಿ ಕೂತ. ಮನಃಶಾಸ್ತ್ರದಲ್ಲಿ ಇನ್ನೊಬ್ಬರ ನೋವು ನಮಗೂ ತಾಗುವುದನ್ನು ಮತ್ತು ಅವರ ಸ್ಥಿತಿಯನ್ನು ಬುದ್ಧಿಯಿಂದ ಅರಿಯುವುದನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ. ಅರಿವು ಇದ್ದು ಮನಸ್ಸು ತಾಗದಿದ್ದರೆ ಅವನು ಮೋಸಗಾರ. ಮನಸ್ಸು ತಾಗಿ ಅರಿವು ಇಲ್ಲದಿದ್ದರೆ 1996ರ ನಾನು. ಎರಡೂ ಕೂಡಿದ ಕಡೆ ಎಣ್ಣೆಬಟ್ಟೆ ಸಿಗುತ್ತದೆ. ನಾನು ದಯೆಯನ್ನು ಜಾಣತನದ ಗುರುತು ಎಂದು ಮಾತ್ರ ಹೇಳದೆ, ನಡತೆಯ ಗುರುತು ಎಂದೂ ಸೇರಿಸುವುದು ಇದಕ್ಕೇ.

ಇದು ಎಷ್ಟು ಬೇಗ ಮೊಳೆಯುತ್ತದೆ ನೋಡಿ. 2006ರಲ್ಲಿ ವಾರ್ನೆಕೆನ್ ಮತ್ತು ಟೊಮಸೆಲ್ಲೊ ಎನ್ನುವವರು ಜರ್ಮನಿಯಲ್ಲಿ ಹದಿನೆಂಟು ತಿಂಗಳ ಮಕ್ಕಳ ಮುಂದೆ ಒಂದು ಆಟ ಹೂಡಿದರು. ಬಟ್ಟೆ ಒಣಹಾಕುತ್ತಿದ್ದವನ ಕೈಯಿಂದ ಕ್ಲಿಪ್ಪು ಜಾರಿ ಬಿದ್ದು, ಅವನಿಗೆ ಎಟುಕದೆ ಕೈ ಚಾಚುತ್ತಿದ್ದರೆ, ಮಕ್ಕಳು ಯಾರೂ ಕೇಳದೆಯೇ ತಟ್ಟಾಡಿಕೊಂಡು ಹೋಗಿ ಎತ್ತಿಕೊಟ್ಟವು. ಅವನೇ ಬೇಕೆಂದು ಎಸೆದಾಗ ಹಾಗೆ ಎತ್ತಿಕೊಡುವುದು ಕಡಿಮೆ. ಅಂದರೆ ಇನ್ನೂ ಸರಿಯಾಗಿ ಮಾತು ಬಾರದ ಮಗು ಸಹಾಯ ಮಾಡುವ ಮೊದಲು 'ಇವನಿಗೆ ಇದು ಬೇಕಾಗಿದೆಯೋ ಇಲ್ಲವೋ' ಎಂದು ವಿಚಾರ ಮಾಡುತ್ತಿದೆ. ದೊಡ್ಡವರಾದ ನಾವು ಎಷ್ಟೋ ಸಲ ಆ ವಿಚಾರ ಬಿಟ್ಟೇ ಸಹಾಯಕ್ಕೆ ನುಗ್ಗುತ್ತೇವೆ.

ದಾಕ್ಷಿಣ್ಯದ ಬಗ್ಗೆಯೂ ಎರಡು ಮಾತು. ನಮ್ಮ ಕಡೆಯವರು ದಾಕ್ಷಿಣ್ಯವನ್ನು ದಯೆ ಎಂದು ತಿಳಿದು ಹಾಳಾಗಿದ್ದಾರೆ. ಗೆಳೆಯನ ಸಾಲಕ್ಕೆ ಜಾಮೀನು ಹಾಕಿ ಮನೆಗೆ ನೋಟಿಸು ಬಂದಾಗ 'ಇಲ್ಲ ಅನ್ನಕ್ಕಾಗ್ಲಿಲ್ಲ ಸಾರ್' ಎಂದು ನನ್ನ ಮುಂದೆ ಕಣ್ಣೀರು ಹಾಕಿದವರನ್ನು ಲೆಕ್ಕ ಇಟ್ಟಿಲ್ಲ. ಅವರು ಯೋಚಿಸಿದ್ದು ಗೆಳೆಯನ ಬಗ್ಗೆ ಅಲ್ಲ, ಇಲ್ಲ ಎಂದರೆ ಗೆಳೆಯ ತಮ್ಮನ್ನು ಏನಂದುಕೊಳ್ಳುತ್ತಾನೆ ಎನ್ನುವುದರ ಬಗ್ಗೆ. ತೀರಿಸಲು ಆಗದ ಸಾಲಕ್ಕೆ ಕೈ ಹಾಕುತ್ತಿರುವವನನ್ನು ಪಕ್ಕಕ್ಕೆ ಕರೆದು 'ಬೇಡ ಕಣೋ, ಈ ಸಲ ಅರ್ಧ ಎಕರೆಗೆ ಮಾತ್ರ ಆಲೂಗೆಡ್ಡೆ ಹಾಕು' ಎಂದು ಹೇಳುವುದಕ್ಕೆ ಎದೆಗಾರಿಕೆ ಬೇಕು. ಅದು ದಯೆ.

ಈಗ ಬ್ಯಾಂಕಿನಲ್ಲಿ ಸರದಿಗೆ ಕೊಡುತ್ತಿದ್ದ ಹಿತ್ತಾಳೆ ಟೋಕನ್ನೂ ಇಲ್ಲ, ಲೆಡ್ಜರೂ ಇಲ್ಲ. ಆದರೆ ಹೆಬ್ಬೆಟ್ಟು ಇನ್ನೂ ಇದೆ, ಮೆಷಿನ್ನಿನ ಮೇಲೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ತಿಂಗಳ 2000 ರೂಪಾಯಿ ಬಂತೋ ಇಲ್ಲವೋ ನೋಡಲು ಬರುವ ತಾಯಂದಿರನ್ನು ನಾನು ಕಾಣುತ್ತಿರುತ್ತೇನೆ. ಕಾಫಿ ಕೊಯ್ದು, ಕಳೆ ಕಿತ್ತು, ಪಾತ್ರೆ ಉಜ್ಜಿ ಬೆರಳಿನ ಗೆರೆಗಳೇ ಸವೆದಿರುತ್ತವೆ. ಮೆಷಿನ್ 'ಮ್ಯಾಚ್ ಆಗಿಲ್ಲ' ಅನ್ನುತ್ತದೆ. ಒಂದು ಕಡೆ ಹುಡುಗನೊಬ್ಬ 'ನಿಂದು ಆಗಲ್ಲ ಹೋಗಮ್ಮ' ಅಂದದ್ದನ್ನು ಕೇಳಿದ್ದೇನೆ. ಇನ್ನೊಂದು ಕಡೆ ಒಬ್ಬಳು ಹುಡುಗಿ, ನಿಮ್ಮದೇ ವಯಸ್ಸು, ಬಿಸಿನೀರಿನ ಫ್ಲಾಸ್ಕು ಇಟ್ಟುಕೊಂಡಿದ್ದಳು. ಬೆರಳು ತೊಳೆಸಿ, ಒರೆಸಿ, ಹೆಬ್ಬೆಟ್ಟು ಬಿಟ್ಟು ಉಂಗುರದ ಬೆರಳು ಇಡಿಸಿ ನೋಡಿದಳು. ಹಸಿರು ದೀಪ ಬಂತು. ದುಡ್ಡು ಎಣಿಸಿ ಕೈಗಿಟ್ಟು, ಎಷ್ಟು ಉಳಿದಿದೆ ಎನ್ನುವುದನ್ನು ಎದ್ದು ಹೋಗಿ ಕಿವಿಯ ಹತ್ತಿರ ಹೇಳಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಕಣ್ಣು ಒರೆಸಿಕೊಂಡೆ.

(ಮಾತು ಮುಗಿದ ಮೇಲೆ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬರು ಕೇಳಿದರು: 'ಸರ್, ಹೊರಗೆ ಅರವತ್ತು ಜನ ಕಾಯ್ತಾ ಇರ್ತಾರೆ, ಸರ್ವರ್ ಡೌನ್ ಇರತ್ತೆ. ಒಬ್ಬೊಬ್ಬರ ಹತ್ತಿರ ಎದ್ದು ಹೋಗಿ ಮಾತಾಡೋಕೆ ಟೈಮ್ ಎಲ್ಲಿಂದ ಬರತ್ತೆ?')

ಒಳ್ಳೆ ಪ್ರಶ್ನೆ ಮಗಳೆ, ನಾನೂ ಇದನ್ನೇ ಅಟೆಂಡರಣ್ಣನನ್ನು ಕೇಳಿದ್ದೆ. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಮುಂದಿನ ಸಂತೆಯ ದಿನ ನಾನು ಸ್ವಲ್ಪ ಬೇಗ ಹೋಗಿದ್ದೆ, ಆಗ ಕಂಡಿತು. ಬಾಗಿಲು ತೆಗೆಯುವುದಕ್ಕೆ ಒಂದು ಗಂಟೆ ಮುಂಚೆಯೇ ಹೊರಗಿನ ಸಾಲಿನ ಉದ್ದಕ್ಕೂ ನಡೆದುಕೊಂಡು ಬರುತ್ತಿದ್ದರು. ಒಬ್ಬೊಬ್ಬರ ಕೈಯಲ್ಲಿರುವ ಕಾಗದ ನೋಡುವುದು. ಪಾಸ್‌ಬುಕ್ ಮರೆತು ಬಂದವರಿಗೆ ಅಲ್ಲೇ ಹೇಳುವುದು. ಸಾಲ ಕಟ್ಟಲು ಬಂದವರನ್ನು ಎಡಕ್ಕೆ, ದುಡ್ಡು ತೆಗೆಯಲು ಬಂದವರನ್ನು ಬಲಕ್ಕೆ ನಿಲ್ಲಿಸುವುದು. ಮಗು ಎತ್ತಿಕೊಂಡವರ ಸ್ಲಿಪ್ಪನ್ನು ತಾವೇ ತೆಗೆದುಕೊಂಡು ಮೊದಲ ಕಟ್ಟಿಗೆ ಸೇರಿಸುವುದು. 'ನಿಮ್ದು ಇನ್ನೂ ಬಂದಿಲ್ಲ ಕಣವ್ವ, ಸೋಮವಾರ ಬನ್ನಿ' ಎಂದು ಯಾರಿಗೋ ಹೇಳಿ, ಬಸ್ಸಿನ ಕಡೆ ಕೈ ತೋರಿಸಿದರು. ಹತ್ತೂವರೆಗೆ ನಾವು ಕೌಂಟರಿನಲ್ಲಿ ಕೂರುವ ಹೊತ್ತಿಗೆ ಸಾಲು ಅರ್ಧಕ್ಕರ್ಧ ಕರಗಿತ್ತು. ಆ ಅವ್ವ ಆಗಲೇ ಒಂಬತ್ತೂ ಮುಕ್ಕಾಲರ ವಾಪಸು ಬಸ್ಸು ಹತ್ತಿ, ಮಧ್ಯಾಹ್ನದ ಅಡುಗೆಗೆ ಮನೆ ಸೇರಿರಬೇಕು.